ಯಾರಲ್ಲಿ?

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಯಾರೊಂದಿಗೂ ಒಂದು ಮಾತೂ ಆಡಿಲ್ಲವೆಂಬುದು ಸಂಜೆ ಅಂಗಡಿಯಲ್ಲಿ ಸೋಪು ಕೇಳುವಾಗ ಗೊತ್ತಾಯಿತು. ಬಾಯಿಂದ ಬಂದದ್ದು ಪಿಸುದನಿ. ಅಂಗಡಿಯವನು ಮುಂದಕ್ಕೆ ಬಗ್ಗಿ, ಗಂಟಲು ಕಟ್ಟಿದೆಯೇ ಎಂದು ಕೇಳಿದ. ಹೌದೆಂದೆ. ಹತ್ತೊಂಬತ್ತು ವರ್ಷದಿಂದ ಕಟ್ಟಿದೆ ಎಂದು ಅವನಿಗೆ ಹೇಳಿ ಆಗಬೇಕಾದದ್ದೇನು?

ನನ್ನ ಕೆಲಸವೇ ಪಿಸುಗುಟ್ಟುವುದು. ರಂಗದ ಎಡಗಡೆ, ಪರದೆಯ ಮರೆಯಲ್ಲಿ ಒಂದು ಸ್ಟೂಲು, ಒಂದು ಪುಟ್ಟ ದೀಪ, ತೊಡೆಯ ಮೇಲೆ ನಾಟಕದ ಪುಸ್ತಕ. ನಟರು ಮಾತು ಮರೆತರೆ ನಾನು ಎತ್ತಿಕೊಡಬೇಕು. ಚೆನ್ನಾಗಿ ಎತ್ತಿಕೊಟ್ಟರೆ ನಾನಿದ್ದೇನೆಂದು ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಬಾರದು. ಹಾಗೆ ನೋಡಿದರೆ ನನ್ನಷ್ಟು ಚೆನ್ನಾಗಿ ಕೆಲಸ ಮಾಡಿದವರು ಈ ಊರಲ್ಲೇ ಇಲ್ಲ. ಕಂಪನಿಯಲ್ಲಿ ಎಲ್ಲರೂ ನನ್ನನ್ನು ಪಿಸಕ್ಕ ಎನ್ನುತ್ತಾರೆ. ಹೊಸದಾಗಿ ಸೇರಿದವರು ಅದೇ ನನ್ನ ಹೆಸರೆಂದು ತಿಳಿದಿದ್ದಾರೆ.

ಹಳೆಯ ನಾಟಕಗಳ ಪ್ರತಿಗಳು ನನ್ನ ಕೋಣೆಯಲ್ಲಿ ರಾಶಿ ಬಿದ್ದಿವೆ. ಹಾಳೆಗಳ ಹಿಂಬದಿ ಖಾಲಿ. ಅಲ್ಲಿ ಬರೆಯುತ್ತಿದ್ದೇನೆ. ಮುಂಬದಿಯಲ್ಲಿ ಯಾರೋ ಯಾರಿಗೋ ಮಾತಾಡುತ್ತಿರುತ್ತಾರೆ, ಹಿಂಬದಿಯಲ್ಲಿ ನಾನು.

ಫೆಬ್ರವರಿ 5, ಬುಧವಾರ

ಸಭೆ ತುಂಬಿತ್ತು. ಬುಧವಾರ, ಶನಿವಾರ, ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ. ಸಾಧುಸಂತರ ನಾಟಕಕ್ಕೆ ಮೊದಲ ಮೂರು ಸಾಲು ತುಂಬಿದರೆ ನಮ್ಮ ನಿರ್ದೇಶಕರು ನೆಮ್ಮದಿಯ ಉಸಿರು ಬಿಡುತ್ತಾರೆ. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಸಾಮ್ರಾಜ್ಞಿಯ ನಾಟಕಕ್ಕಾದರೆ ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಾರೆ ಜನ.

ಒಳ್ಳೆಯ ರಾಣಿ ಮೊದಲನೇ ಅಂಕದಲ್ಲೇ ಸತ್ತುಹೋಗುತ್ತಾಳೆ. ಅವಳು ಸತ್ತದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ, ಆ ಪಾತ್ರ ಮಾಡುವ ಹುಡುಗಿಗೂ ಇಲ್ಲ, ಅವಳು ಅಷ್ಟು ಹೊತ್ತಿಗೆ ಒಳಗೆ ಕೂತು ಮೊಬೈಲ್ ಉಜ್ಜುತ್ತಿರುತ್ತಾಳೆ. ಜನ ಬರುವುದು ಎರಡನೆಯವಳಿಗಾಗಿ, ಸಾಮ್ರಾಜ್ಞಿಗಾಗಿ. ಅವಳು ಅತ್ತೆಗೆ ವಿಷ ಹಾಕಿಸುತ್ತಾಳೆ, ಮಲಮಗನನ್ನು ಗಡಿಯಾಚೆ ಅಟ್ಟುತ್ತಾಳೆ, ತನ್ನ ಅಪ್ಪಣೆಯಿಲ್ಲದೆ ಅರಮನೆಯಲ್ಲಿ ಯಾರೂ ನಗಬಾರದೆಂದು ಕಟ್ಟಳೆ ಮಾಡುತ್ತಾಳೆ. ಪರದೆಯಲ್ಲಿ ಒಂದು ತೂತಿದೆ, ಅದರಿಂದ ನಾನು ಮುಖಗಳನ್ನು ನೋಡುತ್ತೇನೆ. ವಿಷ ಕಲಸುವಾಗ ಅಷ್ಟೂ ಹೆಂಗಸರ ಕಣ್ಣುಗಳು ಹೊಳೆಯುತ್ತವೆ.

ಅವಳ ಗುಟ್ಟು ದೊಡ್ಡದೇನಲ್ಲ. ಬೇಕಾದ್ದನ್ನು ಬೇಕು ಎನ್ನುತ್ತಾಳೆ. ನಾವು ಬಸ್ಸಿನಲ್ಲಿ ಸ್ವಲ್ಪ ಸರಿದು ಕೂತುಕೊಳ್ಳಿ ಎನ್ನುವುದಕ್ಕೂ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತೇವೆ. ಅವಳು ಕತ್ತು ಕೂಡ ತಿರುಗಿಸದೆ "ಯಾರಲ್ಲಿ?" ಎಂದರೆ ನಾಲ್ಕು ಜನ ಬಿದ್ದೆನೋ ಕೆಟ್ಟೆನೋ ಎಂದು ಓಡಿಬರುತ್ತಾರೆ. ನಾಟಕದಲ್ಲಿ ಅವಳು ಹಾಗೆ ಹದಿನಾಲ್ಕು ಸಲ ಕರೆಯುತ್ತಾಳೆ. ಹನ್ನೊಂದು ಸಲ ಓಡಿಬರುತ್ತಾರೆ. ಕೊನೆಯ ದೃಶ್ಯದಲ್ಲಿ ಶತ್ರುಗಳು ಕೋಟೆ ಹೊಕ್ಕಿರುತ್ತಾರೆ, ಆಳುಗಳು ಒಬ್ಬೊಬ್ಬರಾಗಿ ಕನ್ನಡಿ, ಬಾಚಣಿಗೆ, ಪಾದುಕೆ ಎತ್ತಿಕೊಂಡು ಹೋಗಿರುತ್ತಾರೆ. ಆಗ ಮೂರು ಸಲ ಕರೆಯುತ್ತಾಳೆ. ಯಾರೂ ಬರುವುದಿಲ್ಲ. "ಹಾಗಾದರೆ ದೀಪ ನಾನೇ ಆರಿಸುತ್ತೇನೆ" ಎಂದು ದೀಪ ಆರಿಸುತ್ತಾಳೆ. ದೀಪ ಆರಿದ್ದನ್ನು ನೋಡಿಯೇ ಪರದೆಯವನು ಹಗ್ಗ ಬಿಡುವುದು.

ಅವಳು ಬಂದಾಗ ಶಿಳ್ಳೆ ಹೊಡೆದವರೇ ಅವಳು ಬಿದ್ದಾಗ ಚಪ್ಪಾಳೆ ತಟ್ಟುತ್ತಾರೆ. ಎರಡು ಗಂಟೆ ಅವಳ ಜೊತೆ ವಿಷ ಕಲಸಿದವರಿಗೆ ಕೈ ತೊಳೆದುಕೊಂಡು ಮನೆಗೆ ಹೋಗಬೇಕಲ್ಲ.

ಒಬ್ಬಾಕೆ ಮಾತ್ರ ಹಾಗಲ್ಲ. ನೀಲಿ ಚೀಲದವಳು. ಪ್ರತಿ ಶನಿವಾರ ಬರುತ್ತಾಳೆ, ಆಳು ಕನ್ನಡಿ ಎತ್ತಿಕೊಂಡ ಕೂಡಲೇ ಚೀಲ ಹೆಗಲಿಗೇರಿಸಿ ಎದ್ದು ಹೋಗುತ್ತಾಳೆ. ಬಸ್ಸು ತಪ್ಪುತ್ತದೇನೋ.

ಫೆಬ್ರವರಿ 8, ಶನಿವಾರ

ಆಯಮ್ಮ ಇವತ್ತು ಎರಡನೇ ಅಂಕದಲ್ಲಿ ಮಾತು ಮರೆತಳು.

ಇಪ್ಪತ್ತಾರು ವರ್ಷದಿಂದ ಸಾಮ್ರಾಜ್ಞಿಯ ಪಾತ್ರ ಆಯಮ್ಮನದೇ. ಈವರೆಗೆ ಒಂದಕ್ಷರ ಎತ್ತಿಕೊಡುವ ಪ್ರಸಂಗ ಬಂದಿರಲಿಲ್ಲ. ಇವತ್ತು ಬೀಸಣಿಗೆ ಬೀಸುತ್ತ ನಿಂತವಳು ಹಾಗೇ ನಿಂತಳು. ನಾನು "ಮಲಮಗನ ಕುದುರೆ" ಎಂದೆ. ಅದನ್ನು ಹಿಡಿದುಕೊಂಡು ಮುಂದೆ ಹೋದಳು. ಸಭೆಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ಎದೆ ಡವಡವ ಎಂದಿತು. ಅದು ಗಾಬರಿಯೋ ಖುಷಿಯೋ ಎಂದು ಇಲ್ಲಿ ಬರೆಯಬೇಕಾಗಿಲ್ಲ, ಇದನ್ನು ಓದುವವರು ಯಾರೂ ಇಲ್ಲ.

ಫೆಬ್ರವರಿ 9, ಭಾನುವಾರ

ಬರೆದೇಬಿಡುತ್ತೇನೆ. ಆಯಮ್ಮ ನನ್ನ ಒಡಹುಟ್ಟಿದವಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾವು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು.

ಹನ್ನೊಂದು ವರ್ಷದ ಹಿಂದೆ ಆಯಮ್ಮನಿಗೆ ಜ್ವರ ಬಂತು. ಆಟ ನಿಲ್ಲಿಸುವಂತಿಲ್ಲ. ಎಲ್ಲ ಮಾತೂ ಬಾಯಿಪಾಠ ಬರುವವಳು ನಾನೊಬ್ಬಳೇ. ಮೇಷ್ಟ್ರು ಒಂದು ವಾರ ನನಗೆ ತಾಲೀಮು ಕೊಟ್ಟರು. ದರ್ಜಿ ನಿಲುವಂಗಿಯ ಸೊಂಟ ಹಿಡಿದು ನನ್ನ ಅಳತೆಗೆ ಹೊಲಿದ. ಆಟದ ದಿನ ಬಣ್ಣ ಹಚ್ಚಿಕೊಂಡು, ಕಿರೀಟ ಇಟ್ಟುಕೊಂಡು ಕನ್ನಡಿಯ ಮುಂದೆ ಕೂತಿದ್ದೆ. ನಾನು ಚೆನ್ನಾಗಿ ಕಾಣುತ್ತಿದ್ದೆ. ಆಟ ಶುರುವಾಗುವ ಮುಂಚಿನ ಎರಡನೇ ಗಂಟೆ ಹೊಡೆದಾಗ ಬಾಗಿಲು ತೆಗೆದು ಆಯಮ್ಮ ಒಳಗೆ ಬಂದಳು. ಮುಖ ಜ್ವರದಿಂದ ಕೆಂಪಾಗಿತ್ತು. ಹೇಗಿದ್ದೀಯ ಇಲ್ಲ, ಕ್ಷಮಿಸು ಇಲ್ಲ. ಒಂದೇ ಮಾತು.

"ಬಿಚ್ಚು."

ಬಿಚ್ಚಿಕೊಟ್ಟೆ. ಮೂರನೇ ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತೆ, ಮುಖದ ಬಣ್ಣ ಒರೆಸಿಕೊಳ್ಳಲೂ ಹೊತ್ತಿರಲಿಲ್ಲ. ಅವತ್ತಿನಿಂದ ಆಯಮ್ಮನ ಜೊತೆ ಮಾತಾಡಿಲ್ಲ. ಎದುರಿಗೆ ಬಂದರೆ ಗೋಡೆ ನೋಡುತ್ತೇನೆ. ಆಯಮ್ಮನಿಗೂ ಯಾರೂ ಇಲ್ಲ, ಎರಡು ಬೀದಿ ಆಚೆ ಒಂಟಿಯಾಗಿದ್ದಾಳೆ. ಇದ್ದರೆ ಇರಲಿ. ನಾನೂ ಹಾಗೇ ಇಲ್ಲವೇ?

ಫೆಬ್ರವರಿ 12, ಬುಧವಾರ

ಇವತ್ತು ಮೂರು ಸಲ. ಒಂದು ಸಲ ನಾನು ಬೇಕೆಂದೇ ತುಸು ತಡಮಾಡಿದೆ. ಆಯಮ್ಮ ಎಡಕ್ಕೆ ತಿರುಗಿ ನನ್ನತ್ತ ನೋಡಿದಳು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನೇರವಾಗಿ ನೋಡಿದ್ದು. ಆಯಮ್ಮನಿಗೆ ಬೇಕಾದ್ದು ನನ್ನ ಬಾಯಲ್ಲಿತ್ತು.

ಮನೆಗೆ ಬರುವಾಗ ತರಕಾರಿಯವಳೊಂದಿಗೆ ಗಟ್ಟಿಯಾಗಿ ಮಾತಾಡಿದೆ. ಕೊಳೆತ ಆಲೂಗಡ್ಡೆಯನ್ನು ವಾಪಸು ಎತ್ತಿ ಅವಳ ಮುಂದಿಟ್ಟು, ಬೇರೆ ಕೊಡು ಎಂದೆ. ಮರುಮಾತಿಲ್ಲದೆ ಕೊಟ್ಟಳು. ಇಷ್ಟು ಸುಲಭವೆಂದು ಗೊತ್ತಿದ್ದರೆ ಯಾವತ್ತೋ ಶುರು ಮಾಡುತ್ತಿದ್ದೆ.

ಫೆಬ್ರವರಿ 15, ಶನಿವಾರ

ಕೊನೆಯ ದೃಶ್ಯ. ಮೂರು ಸಲ "ಯಾರಲ್ಲಿ?" ಆಯಿತು. ದೀಪದ ಮಾತು ಬರಬೇಕು. ಬರಲಿಲ್ಲ.

ಆಯಮ್ಮ ಎಡಕ್ಕೆ ನೋಡಿದಳು. ನಾನು ಪುಸ್ತಕ ಮುಚ್ಚಿದೆ. ಬೆರಳು ಇಟ್ಟುಕೊಂಡು ಮುಚ್ಚಲಿಲ್ಲ, ಪೂರ್ತಿ ಮುಚ್ಚಿದೆ. ಆಯಮ್ಮನಿಗೆ ಅದು ಕಾಣುವಂತೆಯೇ ಮುಚ್ಚಿದೆ.

ನನ್ನ ಇಪ್ಪತ್ತಮೂರು ಉಸಿರಿನಷ್ಟು ಹೊತ್ತು. ಸಭೆಯಲ್ಲಿ ಒಂದು ಕೆಮ್ಮಿಲ್ಲ. ಆಯಮ್ಮನ ತುಟಿ ಅಲುಗುತ್ತಿತ್ತು, ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಕೊನೆಗೆ ಮಾತಿಲ್ಲದೆ ಬಗ್ಗಿ ದೀಪ ಆರಿಸಿದಳು. ಪರದೆ ಬಿತ್ತು.

ಇಂಥ ಚಪ್ಪಾಳೆಯನ್ನು ನಾನು ಈ ಸಭಾಂಗಣದಲ್ಲಿ ಕೇಳಿಲ್ಲ. ಮುಂದಿನ ಸಾಲಿನವರು ಎದ್ದು ನಿಂತರು. ಮೇಷ್ಟ್ರು ಒಳಗೆ ಓಡಿಬಂದು, ಇಪ್ಪತ್ತಾರು ವರ್ಷದಲ್ಲಿ ಇಂಥ ನಟನೆ ನೋಡಿಲ್ಲ, ಇನ್ನು ಮೇಲೆ ದಿನಾ ಹೀಗೇ ಇರಲಿ, ಆ ಮಾತೇ ಬೇಡ, ಮೌನವೇ ಇರಲಿ ಎಂದರು. ಆಯಮ್ಮ ತಲೆಯಾಡಿಸಿದಳು. ನನ್ನ ಕಡೆ ನೋಡಲಿಲ್ಲ.

ಆ ಇಪ್ಪತ್ತಮೂರು ಉಸಿರು ಸಾಮ್ರಾಜ್ಞಿ ನಾನಾಗಿದ್ದೆ. ಇಡೀ ಸಭೆ ನಾನು ಆಡದ ಮಾತಿಗೆ ಚಪ್ಪಾಳೆ ತಟ್ಟಿತು. ಸಂತೋಷವಾಗಿದೆ. ತಟ್ಟೆಗೆ ಹಾಕಿಕೊಂಡದ್ದನ್ನು ಮಾತ್ರ ಪಾತ್ರೆಗೇ ವಾಪಸು ಹಾಕಿದೆ.

ಫೆಬ್ರವರಿ 19, ಬುಧವಾರ

ಕೊನೆಯಲ್ಲಿ ಮೌನ ಹಾಗೇ ಇತ್ತು, ಜನ ಕಣ್ಣೊರೆಸಿಕೊಂಡರು.

ಮೊದಲನೇ ಅಂಕದಲ್ಲೂ ಆಯಮ್ಮ ತಡವರಿಸಿದಳು, ರಾಜಾಜ್ಞೆ ಓದುವ ಕಡೆ. ಅಲ್ಲೂ ನಾನು ಸುಮ್ಮನಿದ್ದೆ. ಅದು ಚೆನ್ನಾಗಿ ಬರಲಿಲ್ಲ. ಜನ ಕೂತಲ್ಲೇ ಮಿಸುಕಾಡಿದರು. ಮಂತ್ರಿಯ ಪಾತ್ರದವನು ಏನೋ ಸೇರಿಸಿ ಹೇಗೋ ದಾಟಿಸಿದ. ಒಳಗೆ ಬಂದು ನನ್ನ ಮೇಲೆ ಹಾರಾಡಿದ, ಪಿಸಕ್ಕ ನಿದ್ದೆ ಮಾಡ್ತಿದ್ರಾ ಎಂದು. ಪುಟ ತಿರುಗಿಹೋಗಿತ್ತು ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು, ಯಾರೂ ಅನುಮಾನ ಪಡಲಿಲ್ಲ.

ಫೆಬ್ರವರಿ 22, ಶನಿವಾರ

ನೀಲಿ ಚೀಲದವಳು ಮಧ್ಯಂತರದಲ್ಲಿ ಟೀ ಕುಡಿಯುತ್ತ ನಿಂತಿದ್ದಳು. ಪಕ್ಕದಲ್ಲೇ ನಾನೂ ಇದ್ದೆ. ಕೇಳಿಯೇಬಿಟ್ಟೆ, ಕೊನೆಯ ದೃಶ್ಯದ ಬಗ್ಗೆ ಊರೆಲ್ಲ ಮಾತಾಡುತ್ತಿದೆ, ನೀವು ಒಂದು ದಿನವೂ ನಿಲ್ಲುವುದಿಲ್ಲವಲ್ಲ, ಬಸ್ಸಿಗೆ ಹೊತ್ತಾಗುತ್ತದೆಯೇ?

ಅವಳು ಒಂದು ಗುಟುಕು ಕುಡಿದಳು.

"ಬಸ್ಸು ಬೇಕಾದಷ್ಟಿದೆ. ಕರೆದ್ರೆ ಯಾರೂ ಬರದೇ ಇರೋದನ್ನ ನೋಡೋಕೆ ಇಲ್ಲಿಗೆ ಯಾಕೆ ಬರ್ಬೇಕು? ಅದು ಮನೇಲಿ ದಿನಾ ಇದ್ದದ್ದೇ."

ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಇಬ್ಬರೂ ಲೋಟ ತೊಳೆಯಲು ಹಾಕಿ ನಮ್ಮ ನಮ್ಮ ಜಾಗಕ್ಕೆ ಹೋದೆವು.

ಆಟ ಸಾಗಿತು. ಎರಡು ಕಡೆ ಎತ್ತಿಕೊಟ್ಟೆ, ಎರಡು ಕಡೆ ಇಲ್ಲ.

ಫೆಬ್ರವರಿ 24, ಸೋಮವಾರ

ರಂಗದ ಸಾಮಾನು ನೋಡಿಕೊಳ್ಳುವವನು ನೆನ್ನೆ ಕಿವಿಯಲ್ಲಿ ಹೇಳಿದ್ದ, ಆಯಮ್ಮ ಬೀಸಣಿಗೆಯನ್ನೂ ರಾಜಾಜ್ಞೆಯ ಸುರುಳಿಯನ್ನೂ ಮನೆಗೊಯ್ದು ಏನೋ ಬರೆದುಕೊಂಡು ಬಂದಿದ್ದಾರೆ ಎಂದು. ಓಹೋ, ಮಾತುಗಳನ್ನು ಸಾಮಾನಿನ ಮೇಲೆ ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹಾಗೆ. ಕೈಗೆ ಸಿಕ್ಕಿಬೀಳಲಿ, ಮೇಷ್ಟ್ರ ಮುಂದೆ ಇಡುತ್ತೇನೆ ಎಂದು ರಜೆಯ ದಿನವೂ ಹೋಗಿ ಬೀರು ತೆಗೆಸಿದೆ.

ಬೀಸಣಿಗೆಯ ಒಳಮಗ್ಗುಲಲ್ಲಿ ಪೆನ್ಸಿಲ್ಲಿನ ಬರಹ. ದುಂಡನೆಯ ದೊಡ್ಡ ಅಕ್ಷರ. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರವದು, ಗುರುತು ಸಿಗದಿರುತ್ತದೆಯೇ? ನಾಟಕದ ಒಂದು ಮಾತೂ ಅಲ್ಲಿರಲಿಲ್ಲ. ಹೀಗಿತ್ತು:

ಎಡಕ್ಕೆ ನೋಡು. ಗುಬ್ಬಿ ಇದ್ದಾಳೆ.

ಸುರುಳಿ ಬಿಚ್ಚಿದೆ. ಎಡಕ್ಕೆ ನೋಡು, ಗುಬ್ಬಿ ಇದ್ದಾಳೆ. ದೀಪದ ಪೀಠವನ್ನು ತಿರುಗಿಸಿ ನೋಡಿದೆ. ಅಲ್ಲೂ ಅದೇ.

ಗುಬ್ಬಿ ಎಂದರೆ ನಾನು. ಅಪ್ಪ ಅಮ್ಮ ಹೋದ ಮೇಲೆ ಈ ಪ್ರಪಂಚದಲ್ಲಿ ಹಾಗೆ ಕರೆಯುವವಳು ಅವಳೊಬ್ಬಳೇ.

ನಾಚಿಕೆಯಾಯಿತು. ಬರೆಯುವಾಗ ಒಂದು ಪದ ಸಾಕು, ಅಲ್ಲಿ ಬೀರಿನ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದೆ. ಹದಿನೈದನೇ ತಾರೀಕು ಅವಳು ಎಡಕ್ಕೆ ನೋಡಿದ್ದಳು. ಗುಬ್ಬಿ ಇದ್ದಳು. ಗುಬ್ಬಿ ಪುಸ್ತಕ ಮುಚ್ಚಿದಳು.

ಏನಾದರೂ ಸಿಕ್ಕಿತೇ ಎಂದು ಸಾಮಾನಿನವನು ಕೇಳಿದ. ಧೂಳು ಎಂದೆ.

ಫೆಬ್ರವರಿ 26, ಬುಧವಾರ

ಆಟಕ್ಕೆ ಮುಂಚೆ ಬಣ್ಣದ ಕೋಣೆಗೆ ಹೋದೆ. ಅವಳು ಕನ್ನಡಿಯ ಮುಂದೆ ಕಿವಿಯೋಲೆಯನ್ನು ಕೈಯಲ್ಲಿ ಹಿಡಿದು, ಅದು ಯಾವ ಕಿವಿಗೆ ಎಂಬಂತೆ ನೋಡುತ್ತಿದ್ದಳು. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಉದುರಿಹೋಯಿತು.

"ಸ್ಟೂಲು ಒಂಚೂರು ಮುಂದಕ್ಕೆ ಎಳ್ಕೊಂಡಿದೀನಿ" ಎಂದೆ.

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಸರಿ" ಎಂದಳು. ಹನ್ನೊಂದು ವರ್ಷ ಅಲ್ಲಿಗೆ ಮುಗಿಯಿತು, ಒಂದು ಸ್ಟೂಲಿನ ವಿಷಯಕ್ಕೆ.

ಇವತ್ತು ಎಲ್ಲ ಕಡೆ ಎತ್ತಿಕೊಟ್ಟೆ. ಅವಳು ತಡವರಿಸುವ ಮೊದಲೇ ಕೊಟ್ಟೆ. ದೀಪದ ಮಾತನ್ನೂ ಕೊಟ್ಟೆ, ಅವಳೂ ಹೇಳಿದಳು. ಮೌನ ಎಲ್ಲಿ ಹೋಯಿತೆಂದು ಮೇಷ್ಟ್ರು ಕೂಗಾಡಿದರು. ಕೂಗಾಡಲಿ.

ಮಾರ್ಚ್ 2, ಭಾನುವಾರ

ಕೆಟ್ಟ ದಿನ.

ನೆನ್ನೆಯೇ ಮುಂದಿನ ಸಾಲಿನವರಿಗೆ ನನ್ನ ಪಿಸುದನಿ ಕೇಳಿಸಿತಂತೆ. ಇವತ್ತು ನಾಲ್ಕನೇ ಸಲ "ಯಾರಲ್ಲಿ?" ಎಂದಾಗ ಸಖಿಯ ಪಾತ್ರದ ಹುಡುಗಿ ಓಡಿಬಂದು ಬಗ್ಗಿ ನಿಂತಳು. ಕಿರೀಟ ಇಟ್ಟುಕೊಂಡ ಅವಳು ಆ ಹುಡುಗಿಯ ಗಲ್ಲ ಹಿಡಿದೆತ್ತಿ, ಮನೆಯಲ್ಲಿ ಕೇಳುವಂತೆ ಮೆತ್ತಗೆ ಕೇಳಿದಳು, "ನೀನು ಯಾರಮ್ಮ?"

ಸಭೆ ನಕ್ಕಿತು. ಹಾಸ್ಯವೆಂದುಕೊಂಡಿತು. ನಗು ಮುಗಿಯಲೇ ಇಲ್ಲ, ಆ ಮೇಲಿನ ಪ್ರತಿ ಮಾತಿಗೂ ನಕ್ಕರು. ತನ್ನ ಅಪ್ಪಣೆಯಿಲ್ಲದೆ ಯಾರೂ ನಗಬಾರದೆಂದು ಕಟ್ಟಳೆ ಮಾಡಿದವಳು ನಡುರಂಗದಲ್ಲಿ ನಿಂತು, ಇವರೆಲ್ಲ ಯಾಕೆ ನಗುತ್ತಿದ್ದಾರೆಂದು ಎಡಕ್ಕೆ ನೋಡಿದಳು. ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಆ ನಗುವವರ ಮೇಲೆ ನನಗೆ ಬಂದ ಸಿಟ್ಟು ಇಷ್ಟೆಂದು ಹೇಳಲಾರೆ. ವಿಷ ಸಿಕ್ಕಿದ್ದರೆ ನಾನೇ ಕಲಸುತ್ತಿದ್ದೆ.

ಮಾರ್ಚ್ 3, ಸೋಮವಾರ

ಮೇಷ್ಟ್ರು ಕರೆಸಿದರು. ಬುಧವಾರ ಆಟವಿಲ್ಲ, ತಾಲೀಮು. ಶನಿವಾರ, ಭಾನುವಾರ ಈ ನಾಟಕದ ಕೊನೆಯ ಎರಡು ಆಟ. ಪಾತ್ರ ನಾನು ಮಾಡಬೇಕು. ನಿಮ್ಮಕ್ಕನಿಗೆ ನೀವೇ ತಿಳಿಸಿ, ನಾವು ಹೇಳಿದರೆ ಚೆನ್ನಾಗಿರುವುದಿಲ್ಲ ಎಂದರು. ದರ್ಜಿ ನಿಲುವಂಗಿ ತಂದ. ಸೊಂಟದ ಒಳಗೆ ಹಳೆಯ ಹೊಲಿಗೆಯ ತೂತುಗಳ ಸಾಲು ಹಾಗೇ ಇತ್ತು. "ನಿಮ್ಮ ಅಳತೆ ಇದರಲ್ಲೇ ಇದೆಯಲ್ಲಮ್ಮ" ಎಂದು ಅದೇ ಗುರುತಿನ ಮೇಲೆ ಸೂಜಿ ಹಾಕಿದ.

ಹನ್ನೊಂದು ವರ್ಷ ಇದನ್ನೇ ಬೇಡಿಕೊಂಡಿದ್ದೆ. ಸಿಕ್ಕಿತು.

ಮಾರ್ಚ್ 4, ಮಂಗಳವಾರ

ಅವಳ ಕೋಣೆಗೆ ಹೋದೆ. ಎರಡು ಬೀದಿ ದಾಟಲು ಒಂದು ಗಂಟೆ ಹಿಡಿಯಿತು, ದಾರಿಯಲ್ಲಿದ್ದ ಅಂಗಡಿಗಳನ್ನೆಲ್ಲ ನೋಡಿಕೊಂಡು ಹೋದೆ. ಒಂದು ತಟ್ಟೆ ಕೊಂಡೆ. ನನ್ನ ತಟ್ಟೆಯ ಅಂಚು ಮುಕ್ಕಾಗಿತ್ತು, ಹೇಗೂ ಇನ್ನೊಂದು ಬೇಕಿತ್ತು.

ಅವಳು ಒಗೆದ ಬಟ್ಟೆಯನ್ನು ಮಡಿಸಿ, ಮಡಿಸಿದ್ದನ್ನು ಮತ್ತೆ ಬಿಡಿಸಿ ಮಡಿಸುತ್ತಿದ್ದಳು. ಕೂತೆ. ಹವೆಯ ವಿಷಯ, ನಲ್ಲಿಯ ವಿಷಯ, ಪಕ್ಕದ ಮನೆಯವರ ಬೆಕ್ಕಿನ ವಿಷಯ ಎಲ್ಲ ಆಯಿತು. ಬಂದ ವಿಷಯ ಮಾತ್ರ ಬಾಯಿಗೆ ಬರಲೇ ಇಲ್ಲ. ಕೊನೆಗೆ ಅವಳೇ ಬಟ್ಟೆ ಬದಿಗಿಟ್ಟಳು.

"ಮೇಷ್ಟ್ರು ಕಳಿಸಿದ್ರಾ? ಹೇಳು. ಒಂದೇ ಮಾತು, ಅವತ್ತು ಬಣ್ಣದ ಕೋಣೇಲಿ ನಾನು ಹೇಳಿದ್ದೇ."

ನಾನು ಹೊಸ ತಟ್ಟೆಯನ್ನು ಚೀಲದಿಂದ ತೆಗೆದು ಮತ್ತೆ ಒಳಗಿಟ್ಟೆ.

"ಅದು ನೆನಪಿದೆ ಕಣೇ. ಬೇರೆ ಎಲ್ಲ ಹೋಗ್ತಾ ಇದೆ. ಇದನ್ನ ಹೋಗು ಅಂತೀನಿ, ಹೋಗಲ್ಲ. ನೀನು ಎಷ್ಟು ಚೆನ್ನಾಗಿ ಕಾಣಿಸ್ತಿದ್ದೆ ಅಂದ್ರೆ, ಬಾಗಿಲಲ್ಲೇ ನಂಗೆ ಹೆದರಿಕೆ ಆಗ್ಹೋಯ್ತು."

ಹನ್ನೊಂದು ವರ್ಷದಲ್ಲಿ ಈ ಒಂದು ಸಾಧ್ಯತೆಯನ್ನು ನಾನು ಯೋಚಿಸಿರಲಿಲ್ಲ. ಅಹಂಕಾರವೆಂದುಕೊಂಡಿದ್ದೆ, ಹೊಟ್ಟೆಕಿಚ್ಚು ಎಂದುಕೊಂಡಿದ್ದೆ, ರಾಕ್ಷಸಿ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಬೈದಿದ್ದೆ. ಹೆದರಿದ್ದಳಂತೆ. ನಾನೂ ಹೇಳಿದೆ, ಹದಿನೈದನೇ ತಾರೀಕು ಪುಸ್ತಕ ಮುಚ್ಚಿದ್ದು ಬೇಕೆಂದೇ ಎಂದು. ಅವಳು, ಯಾವ ಹದಿನೈದು ಎಂದಳು. ತಪ್ಪು ಒಪ್ಪಿಕೊಂಡರೂ ಇಟ್ಟುಕೊಳ್ಳುವವರಿಲ್ಲ. ಅದನ್ನು ನಾನೇ ವಾಪಸು ತಂದೆ.

ನಾನು ಹೊರಡಲು ಏಳುವಾಗ, ಇನ್ನು ಮೇಲೆ ನಾನೇನು ಮಾಡಲಿ ಎಂದು ಕೇಳಿದಳು. ಉತ್ತರವನ್ನೂ ಅವಳೇ ಕೊಟ್ಟಳು. "ಪುಸ್ತಕ ಕೊಡು, ನಿನ್ನ ಸ್ಟೂಲಿನ ಮೇಲೆ ನಾನು ಕೂತ್ಕೋತೀನಿ. ಮರೆಯೋದು ಮರೀತೀನಿ, ಓದೋಕೆ ಬರುತ್ತಲ್ಲ."

ಮಾರ್ಚ್ 6, ಗುರುವಾರ

ತಾಲೀಮು ಚೆನ್ನಾಗಿ ಆಗುತ್ತಿದೆ. ಅಕ್ಕ ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದುತ್ತಾಳೆ, ಒಂದು ಸಾಲೂ ತಪ್ಪುವುದಿಲ್ಲ. ನನಗಿಂತ ಚೆನ್ನಾಗಿ ಎತ್ತಿಕೊಡುತ್ತಾಳೆಂದು ಮಂತ್ರಿಯ ಪಾತ್ರದವನು ಹೇಳಿದ, ಅವನಿಗೆ ಹಲ್ಲು ಕಿರಿಯುವುದೇ ಕೆಲಸ.

ಬೆಳಗಿನ ಹೊತ್ತು ಮಾತ್ರ ಅಕ್ಕನಿಗೆ ಎಲ್ಲ ಮಸುಕು. ಮಂಗಳವಾರ ಒಲೆಯ ಮೇಲೆ ಪಾತ್ರೆ ಸೀದುಹೋಗಿತ್ತಂತೆ. ಆಟ ಮುಗಿಯುವವರೆಗೆ ನನ್ನ ಕೋಣೆಯಲ್ಲೇ ಇರಲಿ ಎಂದು ಕರೆತಂದಿದ್ದೇನೆ, ಸಭಾಂಗಣಕ್ಕೆ ಇದೇ ಹತ್ತಿರ. ಹೊಸ ತಟ್ಟೆ ಉಪಯೋಗಕ್ಕೆ ಬಂತು.

ಮಾರ್ಚ್ 8, ಶನಿವಾರ

ಶಿಳ್ಳೆ ಬಂತು. ಮೊದಲ ಸಲ "ಯಾರಲ್ಲಿ?" ಎಂದಾಗ ಬಂತು.

ಐವತ್ತನಾಲ್ಕು ವರ್ಷ ನನ್ನ ಗಂಟಲಲ್ಲಿ ಅಂಥ ದನಿಯಿತ್ತೆಂದು ನನಗೇ ಗೊತ್ತಿರಲಿಲ್ಲ. ವಿಷ ಕಲಸಿದೆ. ಮಲಮಗನನ್ನು ಅಟ್ಟಿದೆ. ನಗಬೇಡಿ ಎಂದೆ, ಮುನ್ನೂರು ಜನ ಬಾಯಿ ಮುಚ್ಚಿಕೊಂಡರು. ಆ ರುಚಿ ನಾಲಿಗೆಗೆ ಹತ್ತಿದರೆ ಬಿಡಿಸುವುದು ಕಷ್ಟ. ಅಕ್ಕನಿಗೆ ಯಾಕೆ ಹೆದರಿಕೆಯಾಯಿತೆಂದು ಈಗ ಗೊತ್ತು.

ಆಮೇಲೆ ಕೊನೆಯ ದೃಶ್ಯ. ಮರೆಯಲ್ಲಿ ಕೂತು ನೋಡುವುದಕ್ಕೂ ಅಲ್ಲಿ ನಿಂತು ಕರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೂರು ಸಲ ಕರೆದೆ. ಯಾರೂ ಬರುವುದಿಲ್ಲವೆಂದು ನನಗೆ ಗೊತ್ತೇ ಇತ್ತು, ಹತ್ತೊಂಬತ್ತು ವರ್ಷದಿಂದ ಗೊತ್ತು. ಆದರೂ ಪ್ರತಿ ಸಲ ಕಾದೆ. ದೀಪ ಆರಿಸಿದೆ. ಚಪ್ಪಾಳೆ. ಒಳಗೆ ಬಂದಾಗ ಅಕ್ಕ ಪುಸ್ತಕವನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಇಲ್ಲಿಂದ ಹೀಗೆ ಕಾಣ್ತಿತ್ತಾ?" ಎಂದು ಕೇಳಿದಳು.

ಹೌದೆಂದೆ.

ಮಾರ್ಚ್ 9, ಭಾನುವಾರ

ಕೊನೆಯ ಆಟ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀಲಿ ಚೀಲದವಳು ಭಾನುವಾರ ಬರುವವಳಲ್ಲ. ಇವತ್ತು ಬಂದಿದ್ದಳು, ನಾಲ್ಕನೇ ಸಾಲಿನಲ್ಲಿ. ಕನ್ನಡಿ ಹೋಯಿತು, ಅವಳು ಚೀಲ ಹೆಗಲಿಗೇರಿಸಿ ಎದ್ದಳು. ಬಾಚಣಿಗೆ ಹೋಯಿತು, ಪಾದುಕೆ ಹೋಯಿತು. ದೀಪದ ಮುಂದೆ ನಾನೊಬ್ಬಳೇ. ಮೊದಲ ಸಲ ಕರೆದೆ. ಎರಡನೇ ಸಲ ಕರೆದೆ. ಅಷ್ಟು ಹೊತ್ತಿಗೆ ಅವಳು ಬಾಗಿಲ ಹತ್ತಿರ ಹೋಗಿದ್ದಳು. ಮೂರನೇ ಸಲ ಕರೆದೆ.

"ಯಾರಲ್ಲಿ?"

"ಇದ್ದೀನಿ ಕಣೇ ಗುಬ್ಬಿ, ಇಲ್ಲೇ ಇದ್ದೀನಿ."

ಎಡಗಡೆಯಿಂದ. ಪಿಸುದನಿಯಲ್ಲ. ಅಡುಗೆಮನೆಯಿಂದ ಹೊರಕೋಣೆಗೆ ಕೇಳಿಸುವಂತೆ, ಇಪ್ಪತ್ತಾರು ವರ್ಷ ಸಭೆಯ ಹಿಂದಿನ ಗೋಡೆಯವರೆಗೂ ತಲುಪಿದ ದನಿಯಲ್ಲಿ. ಬೇಕೆಂದೇ ಹೇಳಿದಳೋ, ನಾಟಕವೆಂಬುದನ್ನು ಮರೆತು ಹೇಳಿದಳೋ, ಕೇಳಿಲ್ಲ, ಕೇಳುವುದೂ ಇಲ್ಲ.

ಸಭೆಯಲ್ಲಿ ಯಾರೂ ನಗಲಿಲ್ಲ. ನನ್ನ ಮುಂದಿನ ಮಾತು ದೀಪದ್ದು. ಹತ್ತೊಂಬತ್ತು ವರ್ಷ ಬಾಯಿಪಾಠವಿದ್ದ ಮಾತು. "ಹಾಗಾದರೆ" ಎಂದೆ. ಮುಂದಕ್ಕೆ ಬರಲಿಲ್ಲ. ಮರೆತಿರಲಿಲ್ಲ, ಹೇಳುವುದಕ್ಕೆ ಅರ್ಥವಿರಲಿಲ್ಲ. ಅಕ್ಕ ಸಾಲಿನ ಮೇಲೆ ಬೆರಳಿಟ್ಟು, ಈ ಸಲ ಪದ್ಧತಿಯಂತೆ ಪಿಸುದನಿಯಲ್ಲೇ ಎತ್ತಿಕೊಟ್ಟಳು, "ದೀಪ ನಾನೇ ಆರಿಸುತ್ತೇನೆ." ನಾನು ಇಲ್ಲವೆಂದು ತಲೆಯಾಡಿಸಿದೆ. ಆರಿಸಲಿಲ್ಲ. ಕಿರೀಟ ಇಟ್ಟುಕೊಂಡು ದೀಪದ ಮುಂದೆ ನಿಂತು ಅಳುತ್ತಿದ್ದೆ, ಸಾಮ್ರಾಜ್ಞಿ ಎಲ್ಲೂ ಅಳಬಾರದೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ.

ದೀಪ ಆರದೆ ಪರದೆಯವನು ಹಗ್ಗ ಬಿಡುವ ಹಾಗಿಲ್ಲ. ಪಾಪ, ಅವನು ಕಾದೇ ಕಾದ. ಕೊನೆಗೆ ಮೇಷ್ಟ್ರೇ ಹೋಗಿ ಹಗ್ಗ ಬಿಟ್ಟರು. ದೀಪ ಉರಿಯುತ್ತಿರುವಾಗಲೇ ಪರದೆ ಬಿತ್ತು. ಬೀಳುವ ಮುಂಚೆ ನೋಡಿದೆ, ನೀಲಿ ಚೀಲದವಳು ಹೊರಗೆ ಹೋಗಿರಲಿಲ್ಲ. ಚೀಲವನ್ನು ನೆಲದ ಮೇಲಿಟ್ಟು, ಬಾಗಿಲಲ್ಲೇ ನಿಂತಿದ್ದಳು.

ಚಪ್ಪಾಳೆ ಅಷ್ಟಾಗಿ ಇರಲಿಲ್ಲ. ನಾಟಕವನ್ನು ಹಾಳು ಮಾಡಿದಿರಿ ಎಂದು ಮೇಷ್ಟ್ರು ಇಬ್ಬರಿಗೂ ಸೇರಿಸಿ ಬೈದರು. ಅವರ ಮಾತು ನಿಜ.

ಮಾರ್ಚ್ 10, ಸೋಮವಾರ

ರಜೆ. ಬೆಳಿಗ್ಗೆ ಎದ್ದಾಗ ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಟೀ ಕೊಟ್ಟೆ. ಸ್ವಲ್ಪ ಹೊತ್ತು ಲೋಟದಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಕೇಳಿದಳು, "ನೆನ್ನೆ ಆಟ ಇತ್ತಲ್ವಾ? ರಾಣಿ ಪಾತ್ರ ಯಾರು ಮಾಡಿದ್ರು?"

"ನೀನೇ" ಎಂದೆ.

"ಚೆನ್ನಾಗಿ ಮಾಡಿದ್ನಾ?"

"ಚೆನ್ನಾಗೇ ಮಾಡ್ದೆ. ಕೊನೇಲಿ ಮಾತ್ರ ಪುಸ್ತಕದಲ್ಲಿ ಇಲ್ಲದ್ದು ಒಂದು ಹೇಳ್ಬಿಟ್ಟೆ."

ಅವಳಿಗೆ ಗಾಬರಿಯಾಯಿತು. ಇಷ್ಟು ವರ್ಷದಲ್ಲಿ ಹಾಗೆ ಮಾಡಿದವಳಲ್ಲ, ಮೇಷ್ಟ್ರು ಬೈದರೇ ಎಂದು ಕೇಳಿದಳು. ಬೈದರು ಎಂದೆ. ಏನು ಹೇಳಿದೆ ಎಂದು ಕೇಳಿದಳು.

ನಾನು ಅವಳ ಎಡಗಡೆ ಹೋಗಿ ಕೂತೆ. ಅಲ್ಲಿಂದ ಅವಳಿಗೆ ಚೆನ್ನಾಗಿ ಕೇಳಿಸುತ್ತದೆ. ಒಂದೊಂದೇ ಪದ ಎತ್ತಿಕೊಟ್ಟೆ, ಅವಳು ಒಂದೊಂದೇ ಹೇಳಿದಳು.